ಲಿವರ್‌ಗೆ ಹೊಸ ಕೋಶ ಬೇಕೆ? ಸ್ಟುವರ್ಟ್ ಫೋರ್ಬ್ಸ್ ನಡೆದ ದಾರಿ

ಎಡಿನ್‌ಬರೋ ಎಂದ ಕೂಡಲೇ ನಿಮ್ಮಲ್ಲಿ ಬಹಳ ಜನಕ್ಕೆ ಡಾಲಿ ಕುರಿ ನೆನಪಾಗಬಹುದು. 1996ರಲ್ಲಿ ಆ ಊರಿನ ಹೊರವಲಯದ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿ, ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಫೋಟೋ ಹಾಕಿಸಿಕೊಂಡ ಕುರಿ. ಇವತ್ತು ನಾನು ಹೇಳಹೊರಟಿರುವ ಮನುಷ್ಯ ಕೆಲಸ ಮಾಡುವುದೂ ಅದೇ ಊರಿನಲ್ಲಿ. ಡಾಲಿಯ ಪ್ರಚಾರದಲ್ಲಿ ಕಾಲುಭಾಗವೂ ಅವರಿಗೆ ಸಿಕ್ಕಿಲ್ಲ. ಹೆಸರು ಸ್ಟುವರ್ಟ್ ಫೋರ್ಬ್ಸ್. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಅಲ್ಲಿನ ಪುನರುತ್ಪಾದನಾ ವೈದ್ಯಕೀಯ ಕೇಂದ್ರವನ್ನು ಮುನ್ನಡೆಸಿದವರು. ಜೊತೆಗೆ ಲಿವರ್ ರೋಗಿಗಳನ್ನು ದಿನನಿತ್ಯ ನೋಡುವ ಡಾಕ್ಟರು. ಈ ಎರಡನೆಯದನ್ನು ಮರೆಯಬೇಡಿ, ಮುಂದೆ ಅದು ಬೇಕಾಗುತ್ತದೆ.

ಅವರನ್ನೇ ಯಾಕೆ ಆರಿಸಿಕೊಂಡೆ? ಕಾಂಡಕೋಶ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ (ಸ್ಟೆಮ್ ಸೆಲ್), ಅದನ್ನು ಕೊಟ್ಟು ಹಾಳಾದ ಲಿವರ್ ಸರಿಮಾಡಬಹುದು ಎಂಬ ಆಸೆ ಈ ಶತಮಾನದ ಆರಂಭದಿಂದ ಜಗತ್ತಿನ ತುಂಬ ಓಡಾಡುತ್ತಿದೆ. ನಮ್ಮ ಊರುಗಳಲ್ಲಂತೂ ಅದನ್ನು ಮಾರಾಟಕ್ಕೇ ಇಟ್ಟಿದ್ದಾರೆ. ಫೋರ್ಬ್ಸ್ ಮತ್ತು ಅವರ ಜೊತೆಗಾರರು ಅದನ್ನು ರೋಗಿಗಳಲ್ಲಿ ಕ್ರಮವಾಗಿ ಪರೀಕ್ಷಿಸಿದರು, ಪ್ರಯೋಜನವಾಗಲಿಲ್ಲ ಎಂದು ತಾವೇ ಬರೆದರು. ಅಲ್ಲಿಗೇ ಬಿಡಲಿಲ್ಲ. ಬೇರೊಂದು ಕೋಶದ ಕಡೆ ಹೊರಳಿದರು. ಆ ಹೊರಳಿಗೆ ಕಾರಣಗಳು ಅವರ ಲ್ಯಾಬಿನಲ್ಲಿ ಬಹಳ ಮೊದಲಿನಿಂದಲೇ ಜಮೆಯಾಗುತ್ತಿದ್ದವು. ಆ ಕಥೆ ಹೇಳುತ್ತೇನೆ.

ಮೊದಲು ಲಿವರ್ ಬಗ್ಗೆ ಸ್ವಲ್ಪ. ಬಲಗಡೆ ಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಹೋಗುವುದು ಅಲ್ಲಿಗೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬಿಬ್ಬರು ಇಲಿಯ ಲಿವರಿನಲ್ಲಿ ಮೂರನೇ ಎರಡು ಭಾಗ ಕತ್ತರಿಸಿ ತೆಗೆದರು. ಒಂದೆರಡು ವಾರದೊಳಗೆ ಉಳಿದ ಭಾಗ ಬೆಳೆದು ಹಳೆಯ ತೂಕಕ್ಕೆ ಬಂತು. ಇವತ್ತಿಗೂ ಲ್ಯಾಬುಗಳಲ್ಲಿ ಅದೇ ಪ್ರಯೋಗ ನಡೆಯುತ್ತದೆ. ಮಗಳು ಅಪ್ಪನಿಗೆ ಲಿವರ್ ಕೊಟ್ಟಳು ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದು ಸಾಧ್ಯವಾಗುವುದೂ ಇದರಿಂದಲೇ. ಕೊಟ್ಟವರಲ್ಲೂ ಬೆಳೆಯುತ್ತದೆ, ತೆಗೆದುಕೊಂಡವರಲ್ಲೂ ಬೆಳೆಯುತ್ತದೆ. ಒಂದು ತಿದ್ದುಪಡಿ: ಕತ್ತರಿಸಿದ ಹಾಲೆ ಮತ್ತೆ ಚಿಗುರುವುದಿಲ್ಲ, ಉಳಿದದ್ದು ದೊಡ್ಡದಾಗುತ್ತದೆ. ಹಾಗೆ ದೊಡ್ಡದಾಗಲು ಕಾಂಡಕೋಶಗಳ ಅಗತ್ಯವೂ ಇಲ್ಲ. ದಿನವೂ ಕೆಲಸ ಮಾಡುತ್ತಿರುವ ಸಾಮಾನ್ಯ ಲಿವರ್ ಕೋಶಗಳೇ ಎರಡಾಗುತ್ತವೆ.

ಹಾಗಿದ್ದರೆ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ, ಯಾಕೆ ಬರುತ್ತದೆ? ಇಷ್ಟು ಚೆನ್ನಾಗಿ ಬೆಳೆಯಬಲ್ಲ ಅಂಗ ಯಾಕೆ ಸೋಲುತ್ತದೆ? ನನ್ನ ಪ್ರಕಾರ ಇವತ್ತಿನ ಮಾತಿನಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ.

ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಈಗೀಗ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬು. ಯಾವುದಾದರೂ ಸರಿ, ಪೆಟ್ಟು ವರ್ಷಗಟ್ಟಲೆ ಬೀಳುತ್ತಲೇ ಇರುತ್ತದೆ. ಲಿವರಿನೊಳಗೆ ನಕ್ಷತ್ರದ ಆಕಾರದ ಒಂದು ಬಗೆಯ ಕೋಶ ಇದೆ. ಕುಪ್ಫರ್ ಎಂಬ ಜರ್ಮನ್ ಅಂಗರಚನಾ ತಜ್ಞ 1876ರಷ್ಟು ಹಿಂದೆಯೇ ಅದನ್ನು ಗುರುತಿಸಿದ್ದ. ಸಾಮಾನ್ಯ ದಿನಗಳಲ್ಲಿ ಅದರ ಕೆಲಸ ಎ ಜೀವಸತ್ವವನ್ನು ಕೂಡಿಟ್ಟುಕೊಳ್ಳುವುದು. ಪೆಟ್ಟು ಬಿದ್ದಾಗ ವೇಷ ಬದಲಿಸಿ ಕೊಲಾಜೆನ್ ಎಂಬ ನಾರು ನೇಯತೊಡಗುತ್ತದೆ. ಒಂದೆರಡು ಸಲ ಆದರೆ ಅದು ರಿಪೇರಿ. ಇಪ್ಪತ್ತು ವರ್ಷ ಆದರೆ ಲಿವರ್ ತುಂಬ ನಾರಿನ ಪಟ್ಟಿಗಳು, ನಡುನಡುವೆ ಉಸಿರುಗಟ್ಟಿದ ಲಿವರ್ ಕೋಶಗಳ ಗಂಟುಗಳು. ರಕ್ತ ಸರಾಗವಾಗಿ ಹರಿಯಲು ಜಾಗ ಇಲ್ಲ. ಒತ್ತಡ ಹಿಂದಕ್ಕೆ ತಳ್ಳುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ವಾರ್ಡಿನಲ್ಲಿ ನಾವು ಮಾಡುವ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ರೋಗಿಗೆ ಎರಡೂ ಕೈ ಮುಂದೆ ಚಾಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಬೆರಳು ಬಿಡಿಸಿ ಹಿಡಿಯಲು ಹೇಳುತ್ತೇವೆ. ಬಸ್ಸು ನಿಲ್ಲಿಸಲು ಕೈ ತೋರಿಸುವ ಭಂಗಿ. ಕೆಲವು ಸೆಕೆಂಡು ಸರಿಯಾಗಿರುತ್ತದೆ. ಆಮೇಲೆ ಅಂಗೈ ತಟಕ್ಕನೆ ಕೆಳಗೆ ಬೀಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಲಿವರ್ ಸೋಸಬೇಕಾಗಿದ್ದ ಅಮೋನಿಯದಂತಹ ವಸ್ತುಗಳು ಮಿದುಳಿಗೆ ತಲುಪಿವೆ ಎಂದು ಆ ಕೈ ಹೇಳುತ್ತದೆ. ಮನೆಯವರು ಅಷ್ಟರಲ್ಲಿ ಬೇರೆ ಮಾತಲ್ಲಿ ಹೇಳಿರುತ್ತಾರೆ: ರಾತ್ರಿಯೆಲ್ಲ ಎದ್ದಿರ್ತಾರೆ, ಹಗಲೆಲ್ಲ ಮಲಗ್ತಾರೆ, ಇದ್ದಕ್ಕಿದ್ದಂತೆ ಯಾರನ್ನೋ ಬೈತಾರೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ಗಾಳಿ ಸೋಂಕು ಎಂದು ತಾಯಿತ ಕಟ್ಟಿಸಿರುತ್ತಾರೆ.

ನಾವು ಎಂಬಿಬಿಎಸ್ ಓದುವಾಗ ಒಂದು ಪಾಠ ಇತ್ತು. ಸಿರೋಸಿಸ್ ಒಂದು ಸಲ ಬಂತೆಂದರೆ ಹಿಂದಕ್ಕೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದು ಪಾಸೂ ಆದೆವು. ಈಗ ಅದನ್ನು ಅಷ್ಟು ಖಡಾಖಂಡಿತವಾಗಿ ಹೇಳಲಾಗದು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಮಾತ್ರೆ ಐದು ವರ್ಷ ಕೊಟ್ಟು, ಮೊದಲೊಂದು ಸಲ, ಕೊನೆಗೊಂದು ಸಲ ಸೂಜಿ ಹಾಕಿ ಲಿವರ್ ತುಣುಕು ತೆಗೆದು ನೋಡಿದರು. ಮೊದಲು ಸಿರೋಸಿಸ್ ಇದ್ದವರು 96 ಮಂದಿ. ಐದು ವರ್ಷದ ನಂತರ ಅವರಲ್ಲಿ 71 ಮಂದಿಯ ತುಣುಕಿನಲ್ಲಿ ಸಿರೋಸಿಸ್ ಎನ್ನುವಷ್ಟು ನಾರು ಇರಲಿಲ್ಲ. ಯಾರೂ ಅವರಿಗೆ ಹೊಸ ಕೋಶ ಹಾಕಿರಲಿಲ್ಲ. ವೈರಸ್ಸನ್ನು ಸುಮ್ಮನಿರಿಸಿದ್ದರು, ಅಷ್ಟೆ. ಹಾಗಾದರೆ ಆ ನಾರನ್ನೆಲ್ಲ ಕರಗಿಸಿದ್ದು ಯಾರು? ಈ ಪ್ರಶ್ನೆಯನ್ನು ಒಂದು ಕಡೆ ಇಟ್ಟುಕೊಳ್ಳಿ.

ಈಗ 1999–2000ಕ್ಕೆ ಹೋಗೋಣ. ಆ ಕಾಲದ ಉತ್ಸಾಹ ಹೇಗಿತ್ತೆಂದು ಇವತ್ತಿನವರಿಗೆ ಹೇಳುವುದು ಕಷ್ಟ. ಮೂಳೆಮಜ್ಜೆಯ ಕಾಂಡಕೋಶಗಳು ರಕ್ತ ಮಾತ್ರವಲ್ಲ, ಲಿವರನ್ನೂ ಕಟ್ಟಬಲ್ಲವು ಎಂದು ಒಂದರ ಮೇಲೊಂದು ಪ್ರಬಂಧ ಬಂತು. ಹುಟ್ಟಿನಿಂದಲೇ ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಅರಗಿಸಲಾಗದ ಒಂದು ಬಗೆಯ ಇಲಿಗಳಿವೆ. ಔಷಧ ನಿಲ್ಲಿಸಿದರೆ ಅವುಗಳ ಲಿವರ್ ಹೋಗುತ್ತದೆ. ಅವುಗಳಿಗೆ ಮಜ್ಜೆಯ ಕಾಂಡಕೋಶ ಕೊಟ್ಟಾಗ ಬದುಕಿಕೊಂಡವು. ಇನ್ನೇನು, ಲಿವರ್ ಕಸಿಯ ಕಾಲ ಮುಗಿಯಿತು ಎಂದು ಸಮ್ಮೇಳನಗಳಲ್ಲಿ ಮಾತಾಡಿಕೊಂಡರು. 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ತಂಡಗಳು ಒಟ್ಟಿಗೇ ತಣ್ಣೀರೆರಚಿದವು. ಮಜ್ಜೆಯ ಕೋಶ ಲಿವರ್ ಕೋಶವಾಗಿ ಬದಲಾಗಿರಲಿಲ್ಲ. ಅದರ ಸಂತಾನದ ಕೋಶವೊಂದು ಇಲಿಯ ಸ್ವಂತ ಲಿವರ್ ಕೋಶದೊಂದಿಗೆ ಬೆಸೆದುಕೊಂಡು, ತನ್ನ ಒಳ್ಳೆಯ ಜೀನನ್ನು ಅದಕ್ಕೆ ಕೊಟ್ಟಿತ್ತು. ಅಪರೂಪಕ್ಕೆ ಆಗುವ ಘಟನೆ ಅದು. ಆ ಇಲಿಯಲ್ಲಿ ರಿಪೇರಿಯಾದ ಕೋಶಕ್ಕೆ ಮಾತ್ರ ಬೆಳೆಯುವ ಅವಕಾಶ ಇದ್ದದ್ದರಿಂದ ಅದು ಹಬ್ಬಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತೇವೆ. ಆಗ ಎಲ್ಲರಿಗೂ ಕಂಡದ್ದೆಲ್ಲ ಕಾಂಡಕೋಶ. ಫೋರ್ಬ್ಸ್ ಆಗ ಲಂಡನ್ನಿನಲ್ಲಿ ಈ ಕ್ಷೇತ್ರದ ನಡುವೆಯೇ ಬೆಳೆಯುತ್ತಿದ್ದ ಯುವ ಸಂಶೋಧಕ. ಅವರ ತಂಡ ಕೇಳಿದ ಪ್ರಶ್ನೆ ಸ್ವಲ್ಪ ತಿರುವುಮುರುವಾಗಿತ್ತು. ಮಜ್ಜೆಯಿಂದ ಕೋಶಗಳು ಲಿವರಿಗೆ ಬರುತ್ತವೆ, ಸರಿ. ಬಂದು ಏನಾಗುತ್ತವೆ?

ಇದನ್ನು ಹುಡುಕಿದ ರೀತಿ ಸೊಗಸಾಗಿದೆ. ಗಂಡಸರ ಕೋಶದಲ್ಲಿ ವೈ ಕ್ರೋಮೋಸೋಮ್ ಇರುತ್ತದೆ, ಹೆಂಗಸರದ್ದರಲ್ಲಿ ಇರುವುದಿಲ್ಲ. ಒಬ್ಬ ಗಂಡಸಿಗೆ ಹೆಂಗಸಿನ ಲಿವರ್ ಕಸಿ ಮಾಡಿದ್ದಾರೆ ಅನ್ನಿ. ಕೆಲವು ವರ್ಷಗಳ ನಂತರ ಆ ಲಿವರಿನಲ್ಲಿ ನಾರು ಬೆಳೆದಿದೆ. ಸೂಕ್ಷ್ಮದರ್ಶಕದಲ್ಲಿ ನಾರು ನೇಯುವ ಕೋಶದೊಳಗೆ ವೈ ಕ್ರೋಮೋಸೋಮಿನ ಚುಕ್ಕೆ ಕಂಡರೆ, ಆ ಕೋಶ ಲಿವರಿನದ್ದಲ್ಲ, ರೋಗಿಯ ದೇಹದ ಬೇರೆ ಕಡೆಯಿಂದ ಬಂದದ್ದು. 2004ರಲ್ಲಿ ಅವರು ಪ್ರಕಟಿಸಿದ್ದು ಇದನ್ನೇ. 2006ರಲ್ಲಿ ಹೆಣ್ಣು ಇಲಿಗಳಿಗೆ ಗಂಡು ಇಲಿಗಳ ಮಜ್ಜೆ ಹಾಕಿ ಮತ್ತೆ ನೋಡಿದರು. ಮಜ್ಜೆಯಿಂದ ಹೊಸ ಲಿವರ್ ಕೋಶಗಳು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ನಾರು ನೇಯುವವರ ಸಾಲಿನಲ್ಲಿ ಮಾತ್ರ ಮಜ್ಜೆಯ ಕೋಶಗಳು ಧಾರಾಳ! ಕಟ್ಟಲು ಬಂದವರೆಂದು ನಾವು ಹಾರ ಹಾಕಿ ಸ್ವಾಗತಿಸಿದವರಲ್ಲಿ ಕೆಲವರು ಕೆಡಿಸುವ ಕೆಲಸದಲ್ಲೂ ಇದ್ದರು.

ನಿಮಗೆ ಪೂರ್ತಿ ಚಿತ್ರ ಸಿಗಬೇಕು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಆಮೇಲೆ ಬಂದ, ಕೋಶಗಳ ವಂಶಾವಳಿ ಹಿಡಿಯುವ ಹೆಚ್ಚು ನಿಖರ ವಿಧಾನಗಳು ನಾರಿನ ಬಹುಪಾಲನ್ನು ಲಿವರಿನದ್ದೇ ನಕ್ಷತ್ರಕೋಶಗಳ ಮೇಲೆ ಹೊರಿಸಿದವು. ಮಜ್ಜೆಯ ಪಾಲು ಅಷ್ಟು ದೊಡ್ಡದಲ್ಲ ಎಂಬುದು ಇವತ್ತಿನ ಸಾಮಾನ್ಯ ಅಭಿಪ್ರಾಯ. ಆದರೂ ಆ ಕೆಲಸದಿಂದ ಒಂದು ಎಚ್ಚರ ಉಳಿಯಿತು. ಮಜ್ಜೆಯ ಕೋಶಗಳನ್ನು ಒಂದು ಗಂಟು ಎಂದು ನೋಡಬಾರದು, ಯಾವ ಕೋಶ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು.

ಆ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟ ಪ್ರಯೋಗ 2005ರದ್ದು. ಜೆರೆಮಿ ಡಫೀಲ್ಡ್ ಮೊದಲ ಲೇಖಕ, ಫೋರ್ಬ್ಸ್ ಮತ್ತು ಜಾನ್ ಐರ್‌ಡೇಲ್ ಜೊತೆಗಿದ್ದರು. ನನ್ನನ್ನು ಕೇಳಿದರೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಜಾಣತನದ ಪ್ರಯೋಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮ್ಯಾಕ್ರೋಫೇಜ್ ಎಂಬ ಕೋಶ ನಿಮಗೆ ಗೊತ್ತಿರಬಹುದು. ಮಜ್ಜೆಯಲ್ಲಿ ಹುಟ್ಟಿ, ಮೊನೊಸೈಟ್ ಎಂಬ ಹೆಸರಲ್ಲಿ ರಕ್ತದಲ್ಲಿ ತೇಲಿ, ಗಾಯವಾದ ಕಡೆ ಇಳಿದು ಸತ್ತ ಕೋಶ, ಬ್ಯಾಕ್ಟೀರಿಯಾ, ಕಸಕಡ್ಡಿ ಎಲ್ಲವನ್ನೂ ನುಂಗುವ ಕೋಶ. ಲಿವರಿನಲ್ಲಿ ಉರಿಯೂತ ಎಬ್ಬಿಸುವುದು, ನಾರು ನೇಯಲು ಕುಮ್ಮಕ್ಕು ಕೊಡುವುದು ಇದೇ ಎಂದು ಎಲ್ಲರೂ ನಂಬಿದ್ದರು. ಇದನ್ನು ತೆಗೆದುಬಿಟ್ಟರೆ? ಆದರೆ ದೇಹದಿಂದ ಬರೀ ಒಂದು ಬಗೆಯ ಕೋಶವನ್ನು, ಬೇಕೆಂದ ದಿನ ತೆಗೆಯುವುದು ಹೇಗೆ?

ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಅದರ ವಿಷ ಮನುಷ್ಯರನ್ನು ಕೊಲ್ಲುತ್ತದೆ. ಇಲಿಗಳಿಗೆ ಹೆಚ್ಚೇನೂ ಆಗುವುದಿಲ್ಲ. ವಿಷ ಕೋಶದೊಳಗೆ ನುಗ್ಗಲು ಬೇಕಾದ ಬಾಗಿಲು ಇಲಿಯ ಕೋಶಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಜೀನ್ ತಿದ್ದಿ, ಮ್ಯಾಕ್ರೋಫೇಜ್‌ಗಳ ಬಳಗಕ್ಕೆ ಮಾತ್ರ ಆ ಬಾಗಿಲು ಇರುವಂತಹ ಇಲಿಗಳನ್ನು ಮಾಡಿದರು. ಈಗ ವಿಷದ ಒಂದು ಚುಚ್ಚುಮದ್ದು ಕೊಟ್ಟರೆ ಸಾಯುವುದು ಆ ಕೋಶಗಳಷ್ಟೆ. ಈ ಇಲಿಗಳಿಗೆ ವಾರಗಟ್ಟಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ, ಲಿವರಿಗೆ ಪೆಟ್ಟು ಕೊಡುವ ರಾಸಾಯನಿಕ ಕೊಟ್ಟು ಲಿವರಿನಲ್ಲಿ ನಾರು ಬೆಳೆಸಿದರು.

ಒಂದು ಗುಂಪಿನಲ್ಲಿ ಪೆಟ್ಟು ಬೀಳುತ್ತಿರುವಾಗಲೇ ಮ್ಯಾಕ್ರೋಫೇಜ್ ತೆಗೆದರು. ನಾರು ಕಡಿಮೆಯಾಯಿತು. ಎಲ್ಲರೂ ಅಂದುಕೊಂಡಂತೆಯೇ ಆಯಿತು. ಇನ್ನೊಂದು ಗುಂಪಿನಲ್ಲಿ ರಾಸಾಯನಿಕ ನಿಲ್ಲಿಸಿ, ಲಿವರ್ ಚೇತರಿಸಿಕೊಳ್ಳುತ್ತಿರುವಾಗ ತೆಗೆದರು. ಈ ಇಲಿಗಳಲ್ಲಿ ಕರಗಬೇಕಾಗಿದ್ದ ನಾರು ಕರಗಲಿಲ್ಲ, ಹಾಗೆಯೇ ಉಳಿಯಿತು. ಅದೇ ಬಗೆಯ ಕೋಶ. ಪೆಟ್ಟಿನ ದಿನಗಳಲ್ಲಿ ನಾರು ಹೆಚ್ಚಿಸುತ್ತದೆ, ಚೇತರಿಕೆಯ ದಿನಗಳಲ್ಲಿ ಕರಗಿಸುತ್ತದೆ. ಆಗಲೇ ಒಂದು ಕಡೆ ಇಟ್ಟುಕೊಳ್ಳಿ ಎಂದ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಲ್ಲಿದೆ.

ಈ ಕೋಶಕ್ಕೆ ಬುದ್ಧಿ ಬದಲಾಗುವುದು ಯಾವಾಗ? 2012ರಲ್ಲಿ ಎಡಿನ್‌ಬರೋದ ಪ್ರಕಾಶ್ ರಾಮಚಂದ್ರನ್ ಮತ್ತು ಅವರ ಸಂಗಡಿಗರು ತೋರಿಸಿದ ವಿಷಯ ನನಗೆ ತುಂಬಾ ಇಷ್ಟ. ರಕ್ತದಿಂದ ಇಳಿಯುವಾಗ ಇವು ಉರಿಯೂತದ ಕಡೆಯವೇ. ಸತ್ತ ಕೋಶಗಳ ಚೂರುಗಳನ್ನು ನುಂಗಿದ ಮೇಲೆ ಇವುಗಳ ಜೀನುಗಳ ನಡವಳಿಕೆ ಬದಲಾಗುತ್ತದೆ, ನಾರು ಕತ್ತರಿಸುವ ಕಿಣ್ವಗಳನ್ನು ಸುರಿಸತೊಡಗುತ್ತವೆ. ತಿನ್ನುವುದೇ ಇವನ್ನು ಬದಲಿಸುತ್ತದೆ. ಅದೇ ವರ್ಷ ಫೋರ್ಬ್ಸ್ ಲ್ಯಾಬಿನ ಲೂಕ್ ಬೋಲ್ಟರ್ ಇನ್ನೊಂದು ತುದಿ ಹಿಡಿದರು. ಸತ್ತ ಲಿವರ್ ಕೋಶದ ಅವಶೇಷ ನುಂಗಿದ ಮ್ಯಾಕ್ರೋಫೇಜ್ 'ವಿಂಟ್' ಎಂಬ ಸಂಕೇತ ಕಳಿಸುತ್ತದೆ. ಪಕ್ಕದಲ್ಲಿರುವ ಎಳೆಯ ಕೋಶಗಳಿಗೆ 'ನೀವು ಪಿತ್ತನಾಳ ಆಗಬೇಡಿ, ಲಿವರ್ ಕೋಶ ಆಗಿ' ಎಂದು ಹೇಳಿದಂತೆ. ಎಷ್ಟು ಸತ್ತಿವೆ ಎಂಬ ಲೆಕ್ಕ ಯಾರ ಹೊಟ್ಟೆಯಲ್ಲಿದೆಯೋ ಅವರೇ ಹೊಸದಕ್ಕೆ ಆರ್ಡರ್ ಕೊಡುತ್ತಿದ್ದಾರೆ!

ಎಳೆಯ ಕೋಶ ಎಂದೆ. ಲಿವರಿನಲ್ಲಿ ಕಾಂಡಕೋಶ ಇದೆಯೇ ಇಲ್ಲವೇ ಎಂಬುದು ಈ ಕ್ಷೇತ್ರದ ಹಳೆಯ ಜಗಳ. ಆರೋಗ್ಯವಾಗಿರುವ ಇಲಿಯಲ್ಲಿ ಹುಡುಕಿದವರು ಇಲ್ಲ ಎಂದರು. ಫೋರ್ಬ್ಸ್ ತಂಡ 2017ರಲ್ಲಿ ನೇಚರ್‌ನಲ್ಲಿ ತೋರಿಸಿದ್ದು, ಪ್ರಶ್ನೆಯನ್ನು ತಪ್ಪು ಇಲಿಯಲ್ಲಿ ಕೇಳುತ್ತಿದ್ದೇವೆ ಎಂದು. ಅವರು ಲಿವರ್ ಕೋಶಗಳಿಗೆ ಪೆಟ್ಟು ಕೊಟ್ಟದ್ದು ಮಾತ್ರವಲ್ಲ, ಪಿ21 ಎಂಬ ಪ್ರೋಟೀನು ಹೆಚ್ಚಿಸಿ ಅವು ಎರಡಾಗದಂತೆಯೂ ತಡೆದರು. ಆಗ ಪಿತ್ತನಾಳದ ಗೋಡೆಯ ಕೋಶಗಳು ಮುಂದೆ ಬಂದು ಲಿವರ್ ಕೋಶಗಳಾದವು. ಮನುಷ್ಯರ ಸಿರೋಸಿಸ್ ಲಿವರಿನಲ್ಲೂ ಹೀಗೆ ಪಿ21 ತುಂಬಿಕೊಂಡು ಕೈಕಟ್ಟಿ ಕೂತ ಕೋಶಗಳೇ ಬಹಳ. ಅಂದರೆ ಮೀಸಲು ಪಡೆ ಒಳಗೇ ಇದೆ. ಸಿರೋಸಿಸ್‌ನಲ್ಲಿ ಅದು ಎದ್ದು ಬಂದಿರುವುದೂ ಕಾಣುತ್ತದೆ. ಆದರೂ ಲಿವರ್ ಗೆಲ್ಲುವುದಿಲ್ಲ.

ಲಂಟಾನ ಹಬ್ಬಿದ ಹೊಲಕ್ಕೆ ಎಂತಹ ತಳಿಯ ಬೀಜ ಎರಚಿದರೇನು? ಮೊದಲು ಪೊದೆ ಕಡಿದು ನೆಲ ಬಿಡಿಸಬೇಕು. ಫೋರ್ಬ್ಸ್ ಅವರ ಕೆಲಸ ನಿಧಾನವಾಗಿ ಹೋಗಿ ಮುಟ್ಟಿದ್ದು ಇಲ್ಲಿಗೆ. 2011ರಲ್ಲಿ ಅವರ ತಂಡ, ಇಲಿಯ ಮಜ್ಜೆಯಿಂದ ಲ್ಯಾಬಿನಲ್ಲಿ ಬೆಳೆಸಿದ ಮ್ಯಾಕ್ರೋಫೇಜ್‌ಗಳನ್ನು ನಾರುಗಟ್ಟಿದ ಲಿವರಿಗೆ ಕೊಟ್ಟಿತು. ನಾರು ಇಳಿಯಿತು, ಲಿವರಿನ ಕೆಲಸ ಸುಧಾರಿಸಿತು. ಕೊಟ್ಟ ಕೋಶಗಳು ಬಹಳ ದಿನ ಉಳಿಯಲೂ ಇಲ್ಲ. ತಾವು ಬಂದು, ಇಲಿಯ ಸ್ವಂತ ಕೋಶಗಳನ್ನು ಕೂಗಿ ಕರೆದು, ಕೆಲಸ ಹಚ್ಚಿ ಹೋದವು.

ಆದರೆ ಇದೇ ಹೊತ್ತಿಗೆ ಮನುಷ್ಯರಲ್ಲಿ ನಡೆಯುತ್ತಿದ್ದದ್ದು ಕಾಂಡಕೋಶದ ಟ್ರಯಲ್. ಹೆಸರು ರಿಯಲಿಸ್ಟಿಕ್. ಬರ್ಮಿಂಗ್‌ಹ್ಯಾಮಿನ ಫಿಲಿಪ್ ನ್ಯೂಸಮ್ ಮತ್ತು ಫೋರ್ಬ್ಸ್ ಸೇರಿ ನಡೆಸಿದ್ದು. ಸಿರೋಸಿಸ್ ಇರುವ 81 ಮಂದಿ, ಚೀಟಿ ಎತ್ತಿದಂತೆ ಮೂರು ಗುಂಪು. ಒಂದಕ್ಕೆ ಮಾಮೂಲಿ ಚಿಕಿತ್ಸೆ. ಎರಡನೆಯದಕ್ಕೆ ಜಿಸಿಎಸ್ಎಫ್ ಎಂಬ ಚುಚ್ಚುಮದ್ದು ಐದು ದಿನ. ಇದು ಮಜ್ಜೆಯಿಂದ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸುತ್ತದೆ. ಮೂರನೆಯದಕ್ಕೆ ಆ ಚುಚ್ಚುಮದ್ದಿನ ಜೊತೆಗೆ, ರಕ್ತದಿಂದ ಸಿಡಿ133 ಗುರುತಿನ ಕಾಂಡಕೋಶಗಳನ್ನು ಆರಿಸಿ ಮೂರು ಸಲ ವಾಪಸು ಕೊಟ್ಟರು. ಮೂರು ತಿಂಗಳ ನಂತರ ಮೆಲ್ಡ್ ಅಂಕ ನೋಡಿದರು.

ಮೆಲ್ಡ್ ಬಗ್ಗೆ ಒಂದು ಮಾತು, ಲಿವರ್ ರೋಗಿಗಳ ಮನೆಯವರು ಇಲ್ಲಿ ಇದ್ದರೆ ಕೇಳಿರುತ್ತೀರಿ. ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ವೇಗ, ಇವನ್ನು ಸೂತ್ರಕ್ಕೆ ಹಾಕಿದರೆ 6ರಿಂದ 40ರೊಳಗೆ ಒಂದು ಅಂಕ ಬರುತ್ತದೆ. ಹೆಚ್ಚಾದಷ್ಟೂ ಅಪಾಯ. ಇದು ಹುಟ್ಟಿದ್ದು ಲಿವರಿನ ಒತ್ತಡ ಇಳಿಸುವ ಒಂದು ಚಿಕಿತ್ಸೆಯ ನಂತರ ಯಾರು ಬದುಕುಳಿಯುತ್ತಾರೆ ಎಂದು ಅಂದಾಜಿಸಲು. ಈಗ ಕಸಿಯ ಸರದಿಯಲ್ಲಿ ಯಾರು ಮುಂದೆ ಎಂಬುದನ್ನೂ ಹಲವು ದೇಶಗಳಲ್ಲಿ ಇದರಿಂದಲೇ ತೀರ್ಮಾನಿಸುತ್ತಾರೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಖುಷಿಪಡುವ ಏಕೈಕ ಜಾಗ ನಮ್ಮ ಓಪಿಡಿ.

2018ರಲ್ಲಿ ಫಲಿತಾಂಶ ಬಂತು. ಮೂರು ಗುಂಪುಗಳ ಮೆಲ್ಡ್ ಅಂಕದಲ್ಲಿ ಅರ್ಥವಿರುವ ವ್ಯತ್ಯಾಸ ಇಲ್ಲ. ನಾರಿನಲ್ಲೂ ಇಲ್ಲ. ಕಾಂಡಕೋಶ ಪಡೆದ ಗುಂಪಿನಲ್ಲಿ ತೀವ್ರ ತೊಂದರೆಗಳು ಹೆಚ್ಚೇ ಆದವು. ಫೋರ್ಬ್ಸ್ ಡಾಕ್ಟರೂ ಹೌದು ಎಂದು ಆಗ ಹೇಳಿದೆನಲ್ಲ. ಇಲಿಯ ಫಲಿತಾಂಶದ ಮೇಲೆ ಇಪ್ಪತ್ತು ವರ್ಷ ಬದುಕಬಹುದು, ಪ್ರಬಂಧಗಳಿಗೂ ಬರವಿಲ್ಲ. ಎದುರಿಗೆ ರೋಗಿ ಕೂತಿರುವವರಿಗೆ ಮಾತ್ರ ಹೋಲಿಕೆಯ ಗುಂಪು ಇಟ್ಟು ನೋಡಲೇಬೇಕು ಎನಿಸುತ್ತದೆ. ಹೋಲಿಕೆಯ ಗುಂಪು ಇಲ್ಲದೆ ಬರೀ ಚಿಕಿತ್ಸೆ ಪಡೆದವರನ್ನು ನೋಡಿದ್ದರೆ? ಕುಡಿತ ಬಿಟ್ಟವರು ಹೇಗೂ ಸುಧಾರಿಸುತ್ತಾರೆ. ಅದರ ಹೆಸರು ಕಾಂಡಕೋಶಕ್ಕೆ ಹೋಗುತ್ತಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಕಡೆಗೆ ಬರುತ್ತೇನೆ. ಒಮ್ಮೆ ರೋಗಿಯ ತಮ್ಮ ಒಂದು ಬಣ್ಣದ ಕರಪತ್ರ ಹಿಡಿದು ಬಂದರು. ಯಾವ ಕ್ಲಿನಿಕ್ಕಿನದು ಎಂಬುದು ಇಲ್ಲಿ ಬೇಡ. ಸಿರೋಸಿಸ್, ಸಕ್ಕರೆ ಕಾಯಿಲೆ, ಮಂಡಿನೋವು, ಪಾರ್ಶ್ವವಾಯು ಎಲ್ಲಕ್ಕೂ ಒಂದೇ ಕಾಂಡಕೋಶ ಚಿಕಿತ್ಸೆ. ಕೆಳಗೆ ಪ್ಯಾಕೇಜ್ ದರ, ಕಂತಿನ ಸೌಲಭ್ಯ. ಅವರು ಅಡಿಕೆ ತೋಟದ ಒಂದು ತುಂಡು ಮಾರುವ ಮಾತಿನಲ್ಲಿದ್ದರು. ಯಾವ ಕೋಶ, ಎಷ್ಟು, ಯಾವ ರಕ್ತನಾಳದ ಮೂಲಕ, ಆಮೇಲೆ ಏನನ್ನು ಅಳೆಯುತ್ತಾರೆ ಎಂದು ಕರಪತ್ರದಲ್ಲಿ ಹುಡುಕಿದೆ. ಒಂದೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲೇ ಮಾರ್ಗಸೂಚಿ ಹೊರಡಿಸಿವೆ. ರಕ್ತದ ಕಾಯಿಲೆಗಳಂತಹ ಕೆಲವಕ್ಕೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ, ಉಳಿದ ಕಾಂಡಕೋಶ ಪ್ರಯೋಗಗಳೆಲ್ಲ ಅನುಮತಿ ಪಡೆದ ಟ್ರಯಲ್ ಒಳಗೇ ನಡೆಯಬೇಕು, ಅದಕ್ಕೆ ರೋಗಿಯಿಂದ ದುಡ್ಡು ವಸೂಲಿ ಮಾಡುವಂತಿಲ್ಲ. ದರಪಟ್ಟಿ ಕಂಡರೆ ಅಲ್ಲಿಗೆ ನಿಮಗೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಹಾಗೆಂದು ಭಾರತದಲ್ಲಿ ಸರಿಯಾದ ಕೆಲಸ ನಡೆದೇ ಇಲ್ಲ ಎಂದಲ್ಲ. ಆಗ ಹೇಳಿದ ಜಿಸಿಎಸ್ಎಫ್ ಚುಚ್ಚುಮದ್ದನ್ನೇ ದೆಹಲಿಯ ಲಿವರ್ ಮತ್ತು ಪಿತ್ತರಸ ವಿಜ್ಞಾನ ಸಂಸ್ಥೆಯವರು, ಹಠಾತ್ತನೆ ಕುಸಿದ ಸಿರೋಸಿಸ್ ರೋಗಿಗಳಿಗೆ ಕೊಟ್ಟು ನೋಡಿದ್ದರು. 47 ರೋಗಿಗಳು, ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಇಲ್ಲ. 2012ರಲ್ಲಿ ಪ್ರಕಟವಾದಾಗ ಬದುಕುಳಿದವರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಇತ್ತು, ನಾವೆಲ್ಲ ಹಿಗ್ಗಿದೆವು. ಆಮೇಲೆ ಜರ್ಮನಿಯಲ್ಲಿ 176 ಮಂದಿಯ ಟ್ರಯಲ್ ನಡೆಯಿತು. ಮಧ್ಯದಲ್ಲಿ ಲೆಕ್ಕ ಹಾಕಿದಾಗ ಲಾಭದ ಸೂಚನೆಯೇ ಇಲ್ಲವೆಂದು ನಿಲ್ಲಿಸಿದರು, 2021ರಲ್ಲಿ ಪ್ರಕಟಿಸಿದರು. ರೋಗಿಗಳು ಬೇರೆ ರೀತಿಯವರು, ಕುಸಿಯಲು ಕಾರಣಗಳು ಬೇರೆ ಎಂಬ ವಾದ ಇನ್ನೂ ಇದೆ. ಈ ವಾದದಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ನನ್ನ ರೋಗಿಗಳಿಗೆ ನಾನು ಅದನ್ನು ವಾಡಿಕೆಯಾಗಿ ಬರೆಯುವುದಿಲ್ಲ, ಅಷ್ಟು ಹೇಳಬಲ್ಲೆ.

ಮತ್ತೆ ಎಡಿನ್‌ಬರೋಗೆ. ಮ್ಯಾಕ್ರೋಫೇಜ್‌ಗಳನ್ನು ಮನುಷ್ಯರಿಗೆ ಕೊಡುವ ಕೆಲಸ ಅಲ್ಲಿನ ರಕ್ತ ಪೂರೈಕೆ ಸೇವೆಯ ಪ್ರಯೋಗಾಲಯದ ಜೊತೆ ಸೇರಿ ಶುರುವಾಯಿತು. ವಿಧಾನ ಕೇಳಿ. ರೋಗಿಯನ್ನು ಪ್ಲೇಟ್‌ಲೆಟ್ ತೆಗೆಯುವಂತಹದೇ ಯಂತ್ರದ ಪಕ್ಕ ಕೂರಿಸುತ್ತಾರೆ. ಒಂದು ತೋಳಿನಿಂದ ರಕ್ತ ಹೋಗಿ, ಬಿಳಿ ಕಣಗಳು ಬೇರೆಯಾಗಿ, ಉಳಿದದ್ದು ವಾಪಸು ಬರುತ್ತದೆ. ಆ ಬಿಳಿ ಕಣಗಳಿಂದ ಕಾಂತದ ಪುಟ್ಟ ಮಣಿಗಳ ಸಹಾಯದಿಂದ ಮೊನೊಸೈಟ್ ಆರಿಸುತ್ತಾರೆ. ಒಂದು ವಾರ ಚೀಲದಲ್ಲಿ ಬೆಳೆಸಿದರೆ ಅವು ಮ್ಯಾಕ್ರೋಫೇಜ್ ಆಗುತ್ತವೆ. ಅವನ್ನು ಕೈಯ ರಕ್ತನಾಳದ ಮೂಲಕ, ಮಾಮೂಲಿ ಡ್ರಿಪ್ ಹಾಕಿದಂತೆ, ಅದೇ ರೋಗಿಗೆ ವಾಪಸು ಕೊಡುತ್ತಾರೆ. ತನ್ನದೇ ಕೋಶ, ಹಾಗಾಗಿ ದೇಹ ತಿರಸ್ಕರಿಸುವ ಭಯ ಇಲ್ಲ. ಕಾಂಡಕೋಶದಂತೆ ಮುಂದೆ ಬೆಳೆದು ಇನ್ನೇನೋ ಆಗುವ ಭಯವೂ ಕಡಿಮೆ.

2019ರಲ್ಲಿ ಮೊದಲ ಹಂತದ ವರದಿ ಬಂತು. ಒಂಬತ್ತು ಮಂದಿ. ಮೊದಲ ಮೂವರಿಗೆ ಒಂದು ಕೋಟಿ ಕೋಶ, ಮುಂದಿನ ಮೂವರಿಗೆ ಹತ್ತು ಕೋಟಿ, ಕೊನೆಯ ಮೂವರಿಗೆ ನೂರು ಕೋಟಿಯವರೆಗೆ. ಕೇಳಿದ ಪ್ರಶ್ನೆ ಒಂದೇ, ಇದು ಸುರಕ್ಷಿತವೇ ಎಂದು. ಪೆಟ್ಟಿನ ದಿನಗಳಲ್ಲಿ ಇದೇ ಕೋಶ ಹಾನಿ ಮಾಡುತ್ತದೆ ಎಂದು 2005ರ ಇಲಿಗಳೇ ಹೇಳಿದ್ದವಲ್ಲ, ಆದ್ದರಿಂದ ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಗಂಭೀರ ತೊಂದರೆಯಾಗಲಿಲ್ಲ.

ಎರಡನೆಯ ಹಂತ ಪ್ರಕಟವಾದದ್ದು 2025ರಲ್ಲಿ. ಸುಮಾರು 50 ರೋಗಿಗಳು, ಒಂದು ಗುಂಪಿಗೆ ಕೋಶ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಮೂರು ತಿಂಗಳಿಗೆ ಮೆಲ್ಡ್ ಅಂಕ ನೋಡಿದರೆ ಕೋಶ ಪಡೆದವರ ಕಡೆಗೆ ಸ್ವಲ್ಪ ವಾಲಿತ್ತು. ಆದರೆ ಇದು ಆಕಸ್ಮಿಕವಲ್ಲ ಎಂದು ಹೇಳಲು ಬೇಕಾದ ಗೆರೆಯನ್ನು ದಾಟಲಿಲ್ಲ. ಮುಖ್ಯ ಪ್ರಶ್ನೆಯ ಮಟ್ಟಿಗೆ ಟ್ರಯಲ್ ಸೋತಿತು. ಕೋಶ ಪಡೆದವರಲ್ಲಿ ಲಿವರಿಗೆ ಸಂಬಂಧಿಸಿದ ಗಂಭೀರ ಘಟನೆಗಳು ಆಗಲಿಲ್ಲ, ಇನ್ನೊಂದು ಗುಂಪಿನಲ್ಲಿ ಕೆಲವು ಆದವು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಫಲಿತಾಂಶ. ಪತ್ರಿಕೆಗಳಿಗೆ ಎರಡನೆಯ ವಾಕ್ಯ ಇಷ್ಟವಾಗುತ್ತದೆ, ನನ್ನಂಥವನಿಗೆ ಮೊದಲನೆಯದು ಚುಚ್ಚುತ್ತದೆ. ಐವತ್ತು ಜನರಲ್ಲಿ ಕೆಲವೇ ಘಟನೆಗಳು ಆಚೀಚೆ ಆದರೆ ಚಿತ್ರವೇ ಬದಲಾಗುತ್ತದೆ. ಇನ್ನೊಂದು ಕಡೆ ಮೆಲ್ಡ್ ಎಂಬ ಅಳತೆಗೋಲೇ ಇದಕ್ಕೆ ಸರಿಯೇ ಎಂಬ ಸಂಶಯವೂ ನ್ಯಾಯವಾದದ್ದು. ಅಷ್ಟೇನೂ ಹದಗೆಡದ ರೋಗಿಯ ಅಂಕ ಮೂರು ತಿಂಗಳಲ್ಲಿ ಎಷ್ಟು ತಾನೇ ಬದಲಾದೀತು? ಹೊಟ್ಟೆಯಲ್ಲಿ ನೀರು ತುಂಬಿತೇ, ರಕ್ತ ವಾಂತಿಯಾಯಿತೇ, ಆಸ್ಪತ್ರೆಗೆ ಸೇರಿಸಬೇಕಾಯಿತೇ ಎಂದು ವರ್ಷಗಟ್ಟಲೆ ಎಣಿಸಬೇಕು. ಫೋರ್ಬ್ಸ್ ಅವರ ಕೆಲಸದಿಂದ ಹುಟ್ಟಿದ ರೆಸಲ್ಯೂಷನ್ ಥೆರಪ್ಯೂಟಿಕ್ಸ್ ಎಂಬ ಕಂಪನಿ ಈಗ ಜೀನ್ ತಿದ್ದಿ ಬಲಪಡಿಸಿದ ಮ್ಯಾಕ್ರೋಫೇಜ್‌ಗಳ ಹಿಂದೆ ಬಿದ್ದಿದೆ. ಕಂಪನಿ ಬಂದ ಮೇಲೆ ದುಡ್ಡಿನ ಆಸಕ್ತಿಯೂ ಬರುತ್ತದೆ, ಫಲಿತಾಂಶ ಓದುವಾಗ ಅದು ನಮ್ಮ ತಲೆಯಲ್ಲಿರಲಿ.

ಮುಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. 'ನಮ್ಮ ಅಣ್ಣನಿಗೆ ಸಿರೋಸಿಸ್, ಎಡಿನ್‌ಬರೋಗೆ ಕರೆದುಕೊಂಡು ಹೋದರೆ ಈ ಕೋಶ ಕೊಡುತ್ತಾರೆಯೇ?' ಕೊಡುವುದಿಲ್ಲ. ಇದು ಇನ್ನೂ ಚಿಕಿತ್ಸೆಯಾಗಿಲ್ಲ, ಟ್ರಯಲ್ಲಿನ ಒಳಗಿದೆ. ಅಣ್ಣನ ಸಿರೋಸಿಸ್ಸಿಗೆ ಕಾರಣ ಏನೆಂದು ಚೀಟಿಯಲ್ಲಿ ಬರೆದಿಲ್ಲ, ನಾನು ಮೊದಲು ಕೇಳುವುದು ಅದನ್ನೇ. ಹೆಪಟೈಟಿಸ್ ಬಿ ಆಗಿದ್ದರೆ ದಿನಕ್ಕೊಂದು ಮಾತ್ರೆ ಇದೆ, ಸಿ ಆಗಿದ್ದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವೈರಸ್ಸೇ ಹೋಗುತ್ತದೆ, ಕುಡಿತ ಆಗಿದ್ದರೆ ಪೂರ್ತಿ ನಿಲ್ಲಿಸಬೇಕು, ಹಬ್ಬಕ್ಕೊಂದು ಮದುವೆಗೊಂದು ಎಂಬ ರಿಯಾಯಿತಿ ಇಲ್ಲ. ಎಂಡೋಸ್ಕೋಪಿ ಮಾಡಿಸಿ ರಕ್ತನಾಳ ಉಬ್ಬಿದೆಯೇ ನೋಡಿಸಿ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಸಿರೋಸಿಸ್ ಇರುವ ಲಿವರಿನಲ್ಲಿ ಕ್ಯಾನ್ಸರ್ ಮೂಡುವ ಸಾಧ್ಯತೆ ಇರುತ್ತದೆ. ಮೆಲ್ಡ್ ಅಂಕ 15 ದಾಟಿದರೆ, ಅಥವಾ ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ ಆಗಿದ್ದರೆ ಕಸಿಯ ಮಾತು ಶುರುಮಾಡಿ. ಮನೆಯಲ್ಲಿ ಕೊಡುವವರಿಲ್ಲದಿದ್ದರೆ ಕಸಿ ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಗೆ ಹೆಸರು ಸೇರಿಸಬಹುದು. ಅಣ್ಣನ ಹಳೆಯ ರಿಪೋರ್ಟುಗಳೆಲ್ಲ ಇದ್ದರೆ ಕಾರ್ಯಕ್ರಮ ಮುಗಿದ ಮೇಲೆ ತನ್ನಿ, ನೋಡೋಣ.